ಬಾಣ ಮೊದಲು, ಸೂತ್ರ ಆಮೇಲೆ: ಚಲನೆ ಮತ್ತು ಸರ್ಕ್ಯೂಟ್ ಲೆಕ್ಕ ಬಿಡಿಸುವ ಬಗೆ

ಕಳೆದ ಮಳೆಗಾಲದ ಒಂದು ಸಂಜೆ ಪ್ರಥಮ ಪಿಯುಸಿ ಹುಡುಗಿಯೊಬ್ಬಳು ನೋಟ್‌ಬುಕ್ ತೆರೆದು ನನ್ನ ಮುಂದಿಟ್ಟಳು. ಅವಳಿಗೆ ಬಂದ ಉತ್ತರ 1 ಸೆಕೆಂಡ್. ನಾನು ಹೇಳಿದ್ದ ಉತ್ತರ 3 ಸೆಕೆಂಡ್. "ಸರ್, ನಾಲ್ಕು ಸಲ ಮಾಡಿದೆ. ಗುಣಿಸಿದ್ದು, ಭಾಗಿಸಿದ್ದು ಎಲ್ಲ ಸರಿ ಇದೆ" ಅಂದಳು. ನೋಡಿದೆ. ನಿಜವಾಗಿಯೂ ಎಲ್ಲ ಸರಿ ಇತ್ತು. ಸೂತ್ರ ಸರಿ, ಲೆಕ್ಕ ಸರಿ, ಅಕ್ಷರವೂ ಮುತ್ತು ಪೋಣಿಸಿದ ಹಾಗೆ. ಆದರೆ ಇಡೀ ಪುಟದಲ್ಲಿ ಹುಡುಕಿದರೂ ಒಂದು ಬಾಣದ ಗುರುತು ಇರಲಿಲ್ಲ.

ಸಾಗರದ ಸೀಮೆಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು ನಾನು. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನವೇ ಇಂಗ್ಲಿಷ್ ಪುಸ್ತಕ ಕೈಗೆ ಬರುವ ಮಕ್ಕಳೇ ನನ್ನಲ್ಲಿ ಹೆಚ್ಚು. ಇವರಿಗೆ ಗಣಿತ ಬರುವುದಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಶ್ನೆ ಓದಿ ಮುಗಿಸುವ ಮೊದಲೇ "ಯಾವ ಸೂತ್ರ?" ಎಂದು ಹುಡುಕಲು ಹೊರಡುತ್ತಾರೆ, ಅಲ್ಲೇ ದಾರಿ ತಪ್ಪುತ್ತದೆ. ಚಲನೆಯ ಲೆಕ್ಕವಾಗಲಿ ಸರ್ಕ್ಯೂಟಿನ ಲೆಕ್ಕವಾಗಲಿ, ಪೆನ್ಸಿಲ್ಲಿನಲ್ಲಿ ಮೊದಲು ಬರಬೇಕಾದದ್ದು ಒಂದು ಚಿತ್ರ, ಅದರ ಮೇಲೆ ಒಂದು ಬಾಣ. ಅದು ಹೇಗೆ ಎಂದು ಲೆಕ್ಕಗಳನ್ನೇ ಬಿಡಿಸುತ್ತ ತೋರಿಸುತ್ತೇನೆ. ಪಕ್ಕದಲ್ಲಿ ಹಾಳೆ, ಪೆನ್ಸಿಲ್ ಇಟ್ಟುಕೊಂಡು ಓದಿ.

ಅಡಿಕೆ ಮರದ ಲೆಕ್ಕ

ಅವಳು ಬಿಡಿಸಿದ್ದು ಈ ಲೆಕ್ಕ: 14.7 ಮೀಟರ್ ಎತ್ತರದ ಅಡಿಕೆ ಮರದ ತುದಿಯಲ್ಲಿರುವ ಕೊನೆಗಾರ (ಅಡಿಕೆ ಗೊನೆ ಇಳಿಸುವವನು) ಒಂದು ಅಡಿಕೆಕಾಯಿಯನ್ನು ನೇರ ಮೇಲಕ್ಕೆ, ಸೆಕೆಂಡಿಗೆ 9.8 ಮೀಟರ್ ವೇಗದಲ್ಲಿ ಎಸೆಯುತ್ತಾನೆ. ಕಾಯಿ ನೆಲ ಮುಟ್ಟಲು ಎಷ್ಟು ಸಮಯ ಬೇಕು?

ಮೊದಲ ಕೆಲಸ ಚಿತ್ರ. ಚಂದ ಇರಬೇಕಾಗಿಲ್ಲ. ನೆಲಕ್ಕೆ ಒಂದು ಅಡ್ಡಗೆರೆ, ಮರಕ್ಕೆ ಒಂದು ನಿಲುಗೆರೆ, ತುದಿಯಲ್ಲಿ ಒಂದು ಚುಕ್ಕೆ. ಕಾಯಿ ಮೇಲೆ ಹೋಗಿ, ತಿರುಗಿ, ಮರವನ್ನೂ ದಾಟಿ ಕೆಳಗೆ ಬರುವ ದಾರಿಯನ್ನು ಮರದ ಪಕ್ಕದಲ್ಲಿ ತೆಳುವಾಗಿ ಎಳೆಯಿರಿ.

ಎರಡನೆಯದು ಬಾಣ. ಹಾಳೆಯ ಅಂಚಿನಲ್ಲಿ ಮೇಲ್ಮುಖವಾಗಿ ಒಂದು ಬಾಣ ಬರೆದು ಪಕ್ಕದಲ್ಲಿ "ಇದು ಪ್ಲಸ್" ಎಂದು ಬರೆಯಿರಿ. ಕೆಳಮುಖವನ್ನು ಪ್ಲಸ್ ಎಂದುಕೊಂಡರೂ ತಪ್ಪಿಲ್ಲ, ಉತ್ತರ ಒಂದೇ ಬರುತ್ತದೆ. ಆದರೆ ಒಮ್ಮೆ ಬರೆದ ಬಾಣವನ್ನು ಲೆಕ್ಕ ಮುಗಿಯುವವರೆಗೆ ತಿರುಗಿಸಬಾರದು.

ಮೂರನೆಯದು ಐದು ಅಕ್ಷರಗಳ ಪಟ್ಟಿ. ಮೊದಲ ವೇಗ ಯು, ಕೊನೆಯ ವೇಗ ವಿ, ವೇಗೋತ್ಕರ್ಷ (ಪ್ರತಿ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಎಂಬುದು) ಎ, ಸಮಯ ಟಿ, ಸ್ಥಾನಪಲ್ಲಟ ಎಸ್. ಒಂದೊಂದರ ಮುಂದೆಯೂ ಬೆಲೆ ಬರೆಯಬೇಕು, ಬೆಲೆಯ ಮುಂದೆ ಪ್ಲಸ್ಸೋ ಮೈನಸ್ಸೋ ಬಾಣವನ್ನು ನೋಡಿಯೇ ಹಾಕಬೇಕು.

ಯು: ಮೇಲಕ್ಕೆ ಎಸೆದದ್ದು, ಆದ್ದರಿಂದ +9.8.
ಎ: ಭೂಮಿಯ ಎಳೆತ ವೇಗವನ್ನು ಪ್ರತಿ ಸೆಕೆಂಡಿಗೆ 9.8 ಮೀ/ಸೆ ಬದಲಿಸುತ್ತದೆ; ಎಳೆಯುವುದು ಕೆಳಗೆ, ಆದ್ದರಿಂದ −9.8.
ಎಸ್: ಹೊರಟ ಜಾಗದಿಂದ ನೋಡಿದರೆ ಕಾಯಿ ಕೊನೆಗೆ ಬಿದ್ದದ್ದು 14.7 ಮೀಟರ್ ಕೆಳಗೆ, ಆದ್ದರಿಂದ −14.7.
ಟಿ: ಕೇಳಿದ್ದು ಇದನ್ನೇ.
ವಿ: ಕೊಟ್ಟಿಲ್ಲ, ಕೇಳಿಯೂ ಇಲ್ಲ.

ಎರಡು ಕಡೆ ಮಕ್ಕಳು ಎಡವುತ್ತಾರೆ, ಅಲ್ಲಿ ಸ್ವಲ್ಪ ನಿಲ್ಲೋಣ. ಎಸ್ ಎಂದರೆ ಕಾಯಿ ಗಾಳಿಯಲ್ಲಿ ಸುತ್ತಾಡಿದ ಒಟ್ಟು ದೂರ ಅಲ್ಲ. ಅದು ಎಷ್ಟು ಮೇಲೆ ಹೋಗಿ ಬಂತು ಎಂಬ ಸುದ್ದಿ ಎಸ್‌ಗೆ ಬೇಡ. ಹೊರಟ ಬಿಂದುವಿನಿಂದ ಸೇರಿದ ಬಿಂದುವಿಗೆ ನೇರವಾಗಿ ಎಳೆದ ಬಾಣವೇ ಎಸ್. ಇನ್ನೊಂದು, ವೇಗೋತ್ಕರ್ಷ. ಕಾಯಿ ಮೇಲೆ ಹೋಗುವಾಗಲೂ −9.8, ಇಳಿಯುವಾಗಲೂ −9.8, ತುತ್ತತುದಿಯಲ್ಲಿ ಒಂದು ಕ್ಷಣ ನಿಂತಂತಿರುವಾಗಲೂ −9.8. ತುದಿಯಲ್ಲಿ ಸೊನ್ನೆಯಾಗುವುದು ವೇಗ, ವೇಗೋತ್ಕರ್ಷ ಅಲ್ಲ. ಅಲ್ಲಿ ವೇಗೋತ್ಕರ್ಷವೂ ಸೊನ್ನೆಯಾಗಿದ್ದರೆ ಕಾಯಿ ಕೆಳಗೆ ಬರುವ ಮಾತೇ ಇಲ್ಲ, ಅಲ್ಲೇ ತೂಗಿಕೊಂಡು ಇರಬೇಕಿತ್ತು.

ನಾಲ್ಕನೆಯದಾಗಿ ಸೂತ್ರ. ಈಗ ಹುಡುಕುವ ಕೆಲಸವೇ ಇಲ್ಲ. ಸೂತ್ರಗಳು ನಾಲ್ಕು, ಒಂದೊಂದರಲ್ಲೂ ಐದರಲ್ಲಿ ಒಂದು ಅಕ್ಷರ ಕಾಣೆ:

ವಿ = ಯು + ಎ × ಟಿ (ಎಸ್ ಇಲ್ಲ)
ಎಸ್ = ಯು × ಟಿ + ½ × ಎ × ಟಿ² (ವಿ ಇಲ್ಲ)
ವಿ² = ಯು² + 2 × ಎ × ಎಸ್ (ಟಿ ಇಲ್ಲ)
ಎಸ್ = (ಯು + ವಿ) × ಟಿ ÷ 2 (ಎ ಇಲ್ಲ)

ನಮ್ಮ ಪಟ್ಟಿಯಲ್ಲಿ ಕೊಡದೆ, ಕೇಳದೆ ಉಳಿದದ್ದು ವಿ. ವಿ ಇಲ್ಲದ ಸೂತ್ರ ಎರಡನೆಯದು. ಚಿಹ್ನೆಗಳ ಸಮೇತ ಹಾಕಿದರೆ

−14.7 = 9.8 ಟಿ − 4.9 ಟಿ²

ಎಲ್ಲವನ್ನೂ 4.9ರಿಂದ ಭಾಗಿಸಿ ಒಂದೇ ಕಡೆ ತಂದರೆ ಟಿ² − 2ಟಿ − 3 = 0. ಅಪವರ್ತಿಸಿದರೆ (ಟಿ − 3)(ಟಿ + 1) = 0. ಸಮಯ 3 ಸೆಕೆಂಡ್.

ಅವಳು ಏನು ಮಾಡಿದ್ದಳು? ಮೂರಕ್ಕೂ ಪ್ಲಸ್ ಹಾಕಿದ್ದಳು. ಆಗ ಸಿಗುವುದು ಟಿ² + 2ಟಿ − 3 = 0, ಉತ್ತರ 1 ಸೆಕೆಂಡ್. ಈ 1 ಸೆಕೆಂಡನ್ನು ತಪ್ಪು ಎಂದು ಅಡ್ಡಗೆರೆ ಎಳೆದು ಬಿಡಲು ನನಗೆ ಮನಸ್ಸಾಗಲಿಲ್ಲ. ಯಾಕೆಂದರೆ ಅದು ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರ: ಅದೇ ಕೊನೆಗಾರ ಅದೇ ಕಾಯಿಯನ್ನು ಅದೇ ವೇಗದಲ್ಲಿ ಕೆಳಕ್ಕೆ ಎಸೆದಿದ್ದರೆ ಸರಿಯಾಗಿ 1 ಸೆಕೆಂಡಿಗೆ ನೆಲ ಮುಟ್ಟುತ್ತಿತ್ತು. "ನೀನು ಎಸೆದ ದಿಕ್ಕು ಬೇರೆ ಆಯ್ತು ಮಾರಾಯ್ತಿ" ಅಂದೆ. ಅವಳು ಹಾಳೆಯ ಅಂಚಿನಲ್ಲಿ ಬಾಣ ಬರೆದು, ತಾನೇ ಮತ್ತೆ ಲೆಕ್ಕ ಹಾಕಿದಳು.

ಉಳಿದ ಇನ್ನೊಂದು ಉತ್ತರ, ಟಿ = −1, ಅದನ್ನು ಎಸೆಯುವ ಮೊದಲು ಒಂದು ಗಳಿಗೆ ನೋಡಿ. ಎಸೆಯುವುದಕ್ಕೆ 1 ಸೆಕೆಂಡ್ ಮೊದಲು ಎಂದು ಅದರ ಅರ್ಥ. ಯಾರಾದರೂ ನೆಲದಿಂದ ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ಕಾಯಿಯನ್ನು ಮೇಲಕ್ಕೆ ಹೊಡೆದಿದ್ದರೆ, 1 ಸೆಕೆಂಡಿನ ನಂತರ ಅದು ಮರದ ತುದಿಯನ್ನು ಸರಿಯಾಗಿ 9.8ರ ವೇಗದಲ್ಲಿ ದಾಟುತ್ತಿತ್ತು. ಸಮೀಕರಣಕ್ಕೆ ಕೊನೆಗಾರ ಗೊತ್ತಿಲ್ಲ, ಕಾಯಿಯ ದಾರಿ ಮಾತ್ರ ಗೊತ್ತು. ಯಾವ ಉತ್ತರ ಇಟ್ಟುಕೊಳ್ಳಬೇಕು ಎಂದು ಹೇಳುವುದು ನಾವು ಬರೆದ ಚಿತ್ರ.

ಇಂಗ್ಲಿಷ್ ಪ್ರಶ್ನೆಯೊಳಗೆ ಅಡಗಿದ ಸಂಖ್ಯೆಗಳು

ಕನ್ನಡ ಮಾಧ್ಯಮದಿಂದ ಬಂದವರು ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. "ಸ್ಟಾರ್ಟ್ಸ್ ಫ್ರಮ್ ರೆಸ್ಟ್" ಎಂದರೆ ಯು = 0. "ಕಮ್ಸ್ ಟು ರೆಸ್ಟ್" ಎಂದರೆ ವಿ = 0. "ಯೂನಿಫಾರ್ಮ್ ವೆಲಾಸಿಟಿ" ಎಂದರೆ ಎ = 0; ಆದರೆ "ಯೂನಿಫಾರ್ಮ್ ಆ್ಯಕ್ಸಲರೇಶನ್" ಎಂದರೆ ಎ ಸೊನ್ನೆ ಅಲ್ಲ, ಬದಲಾಗದ ಒಂದು ಬೆಲೆ. "ಡ್ರಾಪ್ಡ್" ಎಂದರೆ ಕೈಬಿಟ್ಟದ್ದು, ಯು = 0. ಇದಕ್ಕೊಂದು ಎಚ್ಚರಿಕೆ: ಮೇಲೇರುತ್ತಿರುವ ಬಲೂನಿನಿಂದ ಕೈಬಿಟ್ಟ ಕಲ್ಲಿಗೆ ಬಲೂನಿನ ವೇಗವೇ ಮೊದಲ ವೇಗ. "ರಿಟಾರ್ಡೇಶನ್" ಕಂಡರೆ ಎ ಮುಂದೆ ವೇಗಕ್ಕೆ ಎದುರಾದ ಚಿಹ್ನೆ. ಸಂಖ್ಯೆ ಮೂರೇ ಬೇಕಿರುವಲ್ಲಿ ಎರಡೇ ಕೊಟ್ಟಿದ್ದಾರೆ ಎನ್ನಿಸಿದರೆ, ಮೂರನೆಯದು ಇಂಥ ಒಂದು ಮಾತಿನೊಳಗೆ ಕೂತಿರುತ್ತದೆ.

ಏಕಮಾನದ ಬಗ್ಗೆ ಒಂದೇ ಮಾತು. ಗಂಟೆಗೆ 18 ಕಿಲೋಮೀಟರ್ ಎಂದರೆ ಸೆಕೆಂಡಿಗೆ 5 ಮೀಟರ್. ಇದೊಂದು ನೆನಪಿದ್ದರೆ 36 ಕಿಮೀ 10 ಆಗುತ್ತದೆ, 54 ಕಿಮೀ 15, 72 ಕಿಮೀ 20. ಪಟ್ಟಿ ಬರೆಯುವಾಗಲೇ ಬದಲಿಸಿ, ಲೆಕ್ಕದ ನಡುವೆ ಬೇಡ.

ಮಳೆ ರಸ್ತೆ, ಬಸ್ಸು, ದನ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿ. ಮಂಡಗದ್ದೆ ದಾಟಿದ ಮೇಲೆ ಸಮತಟ್ಟಾದ ಜಾಗದಲ್ಲಿ ಬಸ್ಸು ಗಂಟೆಗೆ 54 ಕಿಮೀ ವೇಗದಲ್ಲಿದೆ. 40 ಮೀಟರ್ ಮುಂದೆ ರಸ್ತೆಯಲ್ಲಿ ದನ ಮಲಗಿರುವುದು ಡ್ರೈವರ್‌ಗೆ ಕಾಣುತ್ತದೆ. ಕಂಡು, ಕಾಲು ಬ್ರೇಕಿಗೆ ಹೋಗಲು 1 ಸೆಕೆಂಡ್. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ವೇಗ ಪ್ರತಿ ಸೆಕೆಂಡಿಗೆ 5 ಮೀ/ಸೆ ತಗ್ಗುತ್ತದೆ ಎಂದುಕೊಳ್ಳೋಣ. ಬಸ್ಸು ನಿಲ್ಲುತ್ತದೆಯೇ?

ಇಲ್ಲಿ ಒಂದೇ ಪಟ್ಟಿ ಬರೆದು 40ನ್ನು ಎಸ್ ಎಂದು ಹಾಕಿದರೆ ಲೆಕ್ಕ ಹಾಳು. ಮೇಲಿನ ಸೂತ್ರಗಳೆಲ್ಲ ವೇಗೋತ್ಕರ್ಷ ಬದಲಾಗದೆ ಇರುವಷ್ಟು ಹೊತ್ತು ಮಾತ್ರ ನಡೆಯುತ್ತವೆ. ಈ ಬಸ್ಸಿನ ವೇಗೋತ್ಕರ್ಷ ಮೊದಲ ಸೆಕೆಂಡಿನಲ್ಲಿ ಸೊನ್ನೆ, ಆಮೇಲೆ −5. ಅಂದರೆ ದಾರಿಯನ್ನು ಎರಡು ತುಂಡು ಮಾಡಬೇಕು, ಎರಡು ಪಟ್ಟಿ ಬರೆಯಬೇಕು. ಒಂದು ತುಂಡಿನ ಕೊನೆಯ ವೇಗವೇ ಮುಂದಿನ ತುಂಡಿನ ಮೊದಲ ವೇಗ.

ಮೊದಲ ತುಂಡು: ಸೆಕೆಂಡಿಗೆ 15 ಮೀಟರ್, 1 ಸೆಕೆಂಡ್. ಬಸ್ಸು 15 ಮೀಟರ್ ಹೋಯಿತು. ಎರಡನೆಯ ತುಂಡು: ಯು = 15, ವಿ = 0, ಎ = −5, ಟಿ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಟಿ ಇಲ್ಲದ ಸೂತ್ರ ಹಾಕಿದರೆ 0 = 225 − 10 ಎಸ್, ಎಸ್ = 22.5. ಒಟ್ಟು 37.5 ಮೀಟರ್. ದನಕ್ಕಿಂತ ಎರಡೂವರೆ ಮೀಟರ್ ಹಿಂದೆ ಬಸ್ಸು ನಿಂತಿತು.

ಈಗ ಆಷಾಢದ ಮಳೆ. ರಸ್ತೆ ಜಾರುತ್ತದೆ, ವೇಗ ಸೆಕೆಂಡಿಗೆ 3 ಮೀ/ಸೆ ಮಾತ್ರ ತಗ್ಗುತ್ತದೆ. ಬ್ರೇಕಿನ ದೂರ 225 ÷ 6 = 37.5, ಮೊದಲಿನ 15 ಸೇರಿ 52.5 ಮೀಟರ್. ನಿಲ್ಲುವುದಿಲ್ಲ. ದನದ ಹತ್ತಿರ ಬಂದಾಗ ವೇಗ ಎಷ್ಟು? ಬ್ರೇಕ್ ಹಿಡಿದ ಮೇಲೆ ಸಿಕ್ಕಿದ್ದು 25 ಮೀಟರ್; ವಿ² = 225 − 2 × 3 × 25 = 75, ವಿ ಸುಮಾರು 8.7. ಗಂಟೆಗೆ ಸುಮಾರು 31 ಕಿಮೀ. ಅದೇ ಮಳೆಯಲ್ಲಿ ಬಸ್ಸು 36 ಕಿಮೀ ವೇಗದಲ್ಲಿದ್ದರೆ? 10 ಮೀಟರ್, ಮತ್ತೆ 100 ÷ 6, ಒಟ್ಟು ಸುಮಾರು 26.7 ಮೀಟರ್. ವೇಗ ಮೂರನೇ ಒಂದು ಭಾಗ ಇಳಿಸಿದರೆ ನಿಲ್ಲುವ ದೂರ ಅರ್ಧಕ್ಕೆ ಬಂತು, ಯಾಕೆಂದರೆ ಬ್ರೇಕಿನ ದೂರದಲ್ಲಿ ವೇಗದ ವರ್ಗ ಇದೆ. ಬೈಕ್ ಓಡಿಸಲು ಶುರು ಮಾಡಿದ ಹುಡುಗರ ಹತ್ತಿರ ಈ ಲೆಕ್ಕವನ್ನು ನಾನು ತಪ್ಪದೆ ಅವರ ಕೈಯಲ್ಲೇ ಮಾಡಿಸುತ್ತೇನೆ.

ಸರಾಸರಿ ಜವದ (ಸ್ಪೀಡ್: ಒಟ್ಟು ದೂರ ÷ ಒಟ್ಟು ಸಮಯ) ಲೆಕ್ಕವೂ ತುಂಡು ಮಾಡುವ ಲೆಕ್ಕವೇ. ಶಿವಮೊಗ್ಗದಿಂದ ಸಾಗರ ಸುಮಾರು 72 ಕಿಮೀ. ಹೋಗುವಾಗ ಗಂಟೆಗೆ 60, ಬರುವಾಗ 40 ಆದರೆ ಸರಾಸರಿ 50 ಅಲ್ಲ. ಹೋಗಲು 1.2 ಗಂಟೆ, ಬರಲು 1.8 ಗಂಟೆ, 144 ಕಿಮೀಗೆ 3 ಗಂಟೆ, ಸರಾಸರಿ 48. ಸರಾಸರಿ ವೇಗ (ವೆಲಾಸಿಟಿ: ಸ್ಥಾನಪಲ್ಲಟ ÷ ಸಮಯ) ಎಂದು ಕೇಳಿದರೆ ಸೊನ್ನೆ, ಹೊರಟಲ್ಲಿಗೇ ಬಂದಿದ್ದೇವೆ.

ಉತ್ತರ ಬಂದ ಮೇಲೆ: ಜೋಗದ ದಂಡೆಯಲ್ಲಿ

ಲೆಕ್ಕ ಮುಗಿದ ಮೇಲೆ ಉತ್ತರವನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಬೇಕು. ಜೋಗದಲ್ಲಿ ರಾಜಾ ಧುಮುಕುವುದು 253 ಮೀಟರ್. ಅಷ್ಟು ಎತ್ತರದಿಂದ ಕೈಬಿಟ್ಟ ವಸ್ತುವಿಗೆ ವಿ² = 2 × 9.8 × 253, ವಿ ಸುಮಾರು 70.4 ಮೀ/ಸೆ, ಬೀಳುವ ಸಮಯ ಸುಮಾರು 7.2 ಸೆಕೆಂಡ್. ಗಂಟೆಯ ಲೆಕ್ಕಕ್ಕೆ ತಂದರೆ ಸುಮಾರು 253 ಕಿಮೀ. ಎತ್ತರದ ಸಂಖ್ಯೆಯೇ ವೇಗದಲ್ಲೂ ಬಂದದ್ದು ಆಕಸ್ಮಿಕ, ಆದರೆ ನೆನಪಿಟ್ಟುಕೊಳ್ಳಲು ಚೆನ್ನಾಗಿದೆ.

ಜೋಗಕ್ಕೆ ಹೋದಾಗ ಒಂದು ಬಿಳಿ ಮುದ್ದೆ ನೀರನ್ನು ಕಣ್ಣಿನಿಂದ ಹಿಂಬಾಲಿಸಿ ಸೆಕೆಂಡ್ ಎಣಿಸಿ ನೋಡಿ. ಏಳು ದಾಟುತ್ತದೆ. ನೀರು ಚದುರಿ, ಹನಿಯಾಗಿ, ಮಂಜಾಗಿ ಹೋಗುತ್ತದೆ. ಗಾಳಿ ಅದನ್ನು ತಡೆಯುತ್ತದೆ. ನಮ್ಮ ಸೂತ್ರ ಗಾಳಿಯನ್ನು ಲೆಕ್ಕಕ್ಕೆ ಇಟ್ಟಿಲ್ಲ. ಮಳೆಹನಿಯಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 1 ಕಿಲೋಮೀಟರ್ ಮೇಲಿನಿಂದ ಬಿದ್ದ ಹನಿಗೆ ಸೂತ್ರ ಕೊಡುವುದು ಸೆಕೆಂಡಿಗೆ 140 ಮೀಟರ್. ಅದು ನಿಜವಾಗಿದ್ದರೆ ಆಗುಂಬೆಯಲ್ಲಿ ಒಂದು ಹಂಚೂ ಉಳಿಯುತ್ತಿರಲಿಲ್ಲ. ದೊಡ್ಡ ಹನಿಗಳೂ ನೆಲಕ್ಕೆ ಬರುವುದು ಸೆಕೆಂಡಿಗೆ ಸುಮಾರು 9 ಮೀಟರಿನಲ್ಲಿ. "ಗಾಳಿಯ ತಡೆ ಬಿಟ್ಟುಬಿಡಿ" ಎಂದು ಪ್ರಶ್ನೆಯಲ್ಲಿ ಬರೆದಿರುವುದು ಸುಮ್ಮನೆ ಅಲ್ಲ.

ಸರ್ಕ್ಯೂಟಿಗೆ ಬಂದರೆ: ಅಬ್ಬಿ ನೀರು

ಚಲನೆಯಲ್ಲಿ ಕಾಯಿ, ಬಸ್ಸು ಕಣ್ಣಿಗೆ ಕಾಣುತ್ತವೆ. ಸರ್ಕ್ಯೂಟಿನಲ್ಲಿ ಏನೂ ಕಾಣುವುದಿಲ್ಲ, ಅದಕ್ಕೇ ಮಕ್ಕಳು ಹೆದರುತ್ತಾರೆ. ನಮ್ಮ ಕಡೆಯವರಿಗೆ ಹೆದರಿಕೆ ಬೇಡ. ಅಬ್ಬಿ ನೀರು ನೋಡಿ ಬೆಳೆದವರು ನಾವು. ಗುಡ್ಡದ ಮೇಲಿನ ಒರತೆಯಿಂದ ಪೈಪು ಎಳೆದು ಮನೆಗೆ ನೀರು ತರುತ್ತೇವೆ, ಪಂಪು ಬೇಡ. ಎತ್ತರದ ವ್ಯತ್ಯಾಸವೇ ನೀರನ್ನು ತಳ್ಳುತ್ತದೆ. ಆ ಎತ್ತರದ ವ್ಯತ್ಯಾಸ ವಿಭವಾಂತರ, ಅಂದರೆ ವೋಲ್ಟೇಜ್. ಹರಿಯುವ ನೀರು ವಿದ್ಯುತ್ ಪ್ರವಾಹ. ಪೈಪು ಉದ್ದವಾದಷ್ಟೂ, ಸಣ್ಣದಾದಷ್ಟೂ ನೀರು ಕಡಿಮೆ, ಅದು ರೋಧ.

"ಎತ್ತರ" ಎಂದರೆ ಯಾವುದರಿಂದ ಯಾವುದಕ್ಕೆ ಎಂದು ಹೇಳದೆ ಅರ್ಥವಿಲ್ಲ. ವೋಲ್ಟೇಜಿಗೂ ಹಾಗೆಯೇ. ಓಮ್‌ನ ನಿಯಮ (ವೋಲ್ಟೇಜ್ = ಪ್ರವಾಹ × ರೋಧ) ಬಳಸುವಾಗೆಲ್ಲ "ಯಾವ ಎರಡು ಬಿಂದುಗಳ ನಡುವೆ?" ಎಂದು ಕೇಳಿಕೊಳ್ಳಿ. ಸರ್ಕ್ಯೂಟ್ ಲೆಕ್ಕದಲ್ಲಿ ನಾನು ನೋಡುವ ತಪ್ಪುಗಳಲ್ಲಿ ಹೆಚ್ಚಿನವು ಈ ಪ್ರಶ್ನೆ ಕೇಳದೆ ಆದವು.

ಅಬ್ಬಿ ನೀರಿನ ಹೋಲಿಕೆ ಒಂದು ಕಡೆ ಕೈಕೊಡುತ್ತದೆ, ಅದನ್ನೂ ಹೇಳಿಬಿಡಬೇಕು. ಪೈಪು ಒಡೆದರೆ ನೀರು ಅಲ್ಲೇ ಸುರಿಯುತ್ತದೆ. ತಂತಿ ತುಂಡಾದರೆ ಏನೂ ಸುರಿಯುವುದಿಲ್ಲ, ಆ ದಾರಿಯ ಪ್ರವಾಹವೇ ನಿಲ್ಲುತ್ತದೆ.

ಸರಣಿ, ಸಮಾಂತರ ಗುರುತಿಸಲು ಬಣ್ಣದ ಪೆನ್ಸಿಲ್ ಬಳಸಿ. ಬ್ಯಾಟರಿಯ ಪ್ಲಸ್ ತುದಿಯಿಂದ ಹೊರಡುವ ತಂತಿಗೆ ಕೆಂಪು ಹಚ್ಚುತ್ತ ಹೋಗಿ, ರೋಧಕ ಎದುರಾದಲ್ಲಿ ನಿಲ್ಲಿಸಿ. ರೋಧಕ ದಾಟಿದ ಮೇಲೆ ಬೇರೆ ಬಣ್ಣ. ಒಂದೇ ಬಣ್ಣದ ತಂತಿ ಎಷ್ಟು ಸುತ್ತಿ ಬಳಸಿ ಹೋದರೂ ಅದು ಒಂದೇ ಬಿಂದು. ಎರಡು ರೋಧಕಗಳ ಎರಡೂ ತುದಿಗಳಿಗೆ ಅವೇ ಎರಡು ಬಣ್ಣ ಬಂದರೆ ಅವು ಸಮಾಂತರ. ಎರಡು ರೋಧಕಗಳ ನಡುವಿನ ಬಣ್ಣಕ್ಕೆ ಮೂರನೆಯದು ಯಾವುದೂ ತಾಗದಿದ್ದರೆ ಅವು ಸರಣಿ. ಪರೀಕ್ಷೆಯಲ್ಲಿ ಬರುವ ಗೋಜಲು ಚಿತ್ರಗಳೆಲ್ಲ ಹೀಗೆ ಬಣ್ಣ ಹಚ್ಚಿದ ಮೇಲೆ ಬಿಡಿಸಿಕೊಳ್ಳುತ್ತವೆ. ಬಣ್ಣವಿಲ್ಲದಿದ್ದರೆ ಅಕ್ಷರ ಬರೆಯಿರಿ.

ಕಂಬದಿಂದ ದೂರದ ಮನೆ

ಮಲೆನಾಡಿನ ಒಂಟಿಮನೆಗಳಲ್ಲಿ ಲೋ ವೋಲ್ಟೇಜ್ ಎಲ್ಲರಿಗೂ ಗೊತ್ತು. ಕಂಬದ ಹತ್ತಿರ 230 ವೋಲ್ಟ್ ಇದೆ. ಮನೆ 250 ಮೀಟರ್ ದೂರ. 2.5 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ತಂತಿ ಹೋಗಿ ಬರುವಷ್ಟರಲ್ಲಿ 500 ಮೀಟರ್, ಅದರ ರೋಧ ಸುಮಾರು 5.6 ಓಮ್. ಲೆಕ್ಕಕ್ಕೆ 6 ಎಂದು ಇಟ್ಟುಕೊಳ್ಳೋಣ. ಮನೆಯಲ್ಲಿ 40 ಓಮ್ ರೋಧದ ನೀರು ಕಾಯಿಸುವ ಕಾಯಿಲ್ ಹಾಕಿದ್ದಾರೆ. ಪ್ರವಾಹ ಎಷ್ಟು?

ಸಾಮಾನ್ಯವಾಗಿ ಬರುವ ಉತ್ತರ 230 ÷ 40 = 5.75. ಇಲ್ಲಿ ಕೇಳಿ: 230 ಯಾವ ಎರಡು ಬಿಂದುಗಳ ನಡುವೆ? ಕಂಬದ ಎರಡು ತಂತಿಗಳ ನಡುವೆ. 40 ಓಮ್ ಇರುವುದು ಕಾಯಿಲಿನ ಎರಡು ತುದಿಗಳ ನಡುವೆ. ಎರಡನ್ನೂ ಒಂದೇ ಸಾಲಿನಲ್ಲಿ ಭಾಗಿಸುವ ಹಾಗಿಲ್ಲ. 230 ವೋಲ್ಟ್ ತಳ್ಳಬೇಕಾದದ್ದು ತಂತಿ ಮತ್ತು ಕಾಯಿಲ್ ಎರಡನ್ನೂ, ಅಂದರೆ 46 ಓಮ್. ಪ್ರವಾಹ 5 ಆಂಪಿಯರ್. ತಂತಿಯಲ್ಲಿ ಕಳೆದದ್ದು 5 × 6 = 30 ವೋಲ್ಟ್, ಮನೆಗೆ ಮುಟ್ಟಿದ್ದು 200.

ಅದೇ ಹೊತ್ತಿಗೆ ಇನ್ನೊಬ್ಬರು 40 ಓಮಿನ ಇಸ್ತ್ರಿ ಪೆಟ್ಟಿಗೆ ಹಾಕಿದರು. ಎರಡು 40 ಸಮಾಂತರದಲ್ಲಿ 20, ತಂತಿ ಸೇರಿ 26. ಪ್ರವಾಹ ಸುಮಾರು 8.85 ಆಂಪಿಯರ್, ತಂತಿಯಲ್ಲಿ ಸುಮಾರು 53 ವೋಲ್ಟ್ ಹೋಯಿತು, ಮನೆಗೆ ಉಳಿದದ್ದು 177. ಅಬ್ಬಿಯ ಒಂದೇ ಪೈಪಿಗೆ ಎರಡು ನಲ್ಲಿ ಒಟ್ಟಿಗೆ ತಿರುಗಿಸಿದಂತೆ. 1000 ವಾಟ್ ಕೊಡುತ್ತಿದ್ದ ಕಾಯಿಲ್ ಈಗ ಸುಮಾರು 780ಕ್ಕೆ ಇಳಿಯಿತು, ತಂತಿಯಲ್ಲಿ ಸುಮ್ಮನೆ ಬಿಸಿಯಾಗಿ ಹೋಗುವುದು 150 ವಾಟಿನಿಂದ ಸುಮಾರು 470ಕ್ಕೆ ಏರಿತು. ಸಾಲಿನ ತಂತಿಗೂ ರೋಧವಿದೆ ಎಂದು ನೆನಪಿಟ್ಟವರಿಗೆ ಬ್ಯಾಟರಿಯ ಆಂತರಿಕ ರೋಧದ ಲೆಕ್ಕ ಬೇರೆಯಾಗಿ ಕಲಿಯಬೇಕಾಗಿಲ್ಲ. ಅದು ಇದೇ ಲೆಕ್ಕ. ಮನೆಗೆ ಬರುವುದು ದಿಕ್ಕು ಬದಲಿಸುತ್ತಿರುವ ಎಸಿ ವಿದ್ಯುತ್ತಾದರೂ ಕಾಯಿಲ್, ಇಸ್ತ್ರಿ ಪೆಟ್ಟಿಗೆಯಂಥ ವಸ್ತುಗಳಿಗೆ ಈ ಲೆಕ್ಕ ಹೊಂದುತ್ತದೆ. ಅಳೆದು ನೋಡುವ ಆಸೆಯಾದರೆ ಟಾರ್ಚ್ ಸೆಲ್, ಟಾರ್ಚ್ ಬಲ್ಬ್ ಮತ್ತು ಮಲ್ಟಿಮೀಟರ್ ಸಾಕು. ಗೋಡೆಯ ಪ್ಲಗ್ಗಿಗೆ ಕೈ ಹಾಕಬೇಡಿ.

ಎರಡು ಬ್ಯಾಟರಿ, ಒಂದು ಮೈನಸ್

ಕರೆಂಟ್ ಹೋದ ರಾತ್ರಿ ಹೊಸ ಬ್ಯಾಟರಿಗೆ ಹಳೆಯದನ್ನೂ ಜೋಡಿಸಿದರೆ ಬೆಳಕು ಜಾಸ್ತಿ ಬರುತ್ತದೆ ಎಂದು ನಂಬುವವರಿದ್ದಾರೆ. ಲೆಕ್ಕ ಹಾಕೋಣ. ಹೊಸದು 12 ವೋಲ್ಟ್, ಆಂತರಿಕ ರೋಧ 1 ಓಮ್. ಹಳೆಯದು 9 ವೋಲ್ಟ್, ಅದಕ್ಕೂ 1 ಓಮ್. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ, ಅಡ್ಡಕ್ಕೆ 10 ಓಮಿನ ಬಲ್ಬ್.

ಇದು ಸರಣಿಯೂ ಅಲ್ಲ, ಸಮಾಂತರದ ಸೂತ್ರಕ್ಕೂ ಸಿಗುವುದಿಲ್ಲ. ಕಿರ್ಚಾಫ್‌ನ ನಿಯಮಗಳೇ ಬೇಕು. 1845ರಲ್ಲಿ ಅವನ್ನು ಬರೆದಾಗ ಕಿರ್ಚಾಫ್ ಇನ್ನೂ ವಿದ್ಯಾರ್ಥಿ, ವಯಸ್ಸು 21. ನಿಮಗಿಂತ ನಾಲ್ಕೈದು ವರ್ಷ ದೊಡ್ಡವನು ಅಷ್ಟೇ.

ಬಾಣ ಬರೆಯಿರಿ. ಎರಡೂ ಬ್ಯಾಟರಿಗಳು ಬಲ್ಬಿನ ಕಡೆಗೆ ಪ್ರವಾಹ ಕೊಡುತ್ತಿವೆ ಎಂದುಕೊಂಡು ಹೊಸದರಿಂದ ಒಂದು ಬಾಣ, ಪ್ರವಾಹ ಕ. ಹಳೆಯದರಿಂದ ಒಂದು ಬಾಣ, ಪ್ರವಾಹ ಖ. ಕೂಡುವ ಜಾಗದಲ್ಲಿ ಎರಡೂ ಸೇರಿ ಬಲ್ಬಿಗೆ ಹೋಗುವುದು ಕ + ಖ. ಇದು ನಿಜವಾದ ದಿಕ್ಕೇ ಆಗಿರಬೇಕಾಗಿಲ್ಲ. ಊಹೆ ತಪ್ಪಿದರೆ ಉತ್ತರದಲ್ಲಿ ಮೈನಸ್ ಬಂದು ಹೇಳುತ್ತದೆ.

ಈಗ ಒಂದೊಂದು ಸುತ್ತು ನಡೆಯಿರಿ. ಬ್ಯಾಟರಿಯ ಮೈನಸ್ಸಿನಿಂದ ಪ್ಲಸ್ಸಿಗೆ ಹೋದರೆ ಏರು, ಕೂಡಿಸಿ. ರೋಧಕದಲ್ಲಿ ಬಾಣದ ಜೊತೆಗೆ ಹೋದರೆ ಇಳಿಜಾರು, ಕಳೆಯಿರಿ. ಹೊರಟಲ್ಲಿಗೇ ಬಂದರೆ ಒಟ್ಟು ಏರಿಳಿತ ಸೊನ್ನೆ, ಗುಡ್ಡ ಹತ್ತಿ ಮನೆಗೆ ಮರಳಿದ ಹಾಗೆ.

ಹೊಸ ಬ್ಯಾಟರಿಯ ಸುತ್ತು: 12 − 1 × ಕ − 10 × (ಕ + ಖ) = 0, ಅಂದರೆ 11ಕ + 10ಖ = 12.
ಹಳೆಯದರ ಸುತ್ತು: 9 − 1 × ಖ − 10 × (ಕ + ಖ) = 0, ಅಂದರೆ 10ಕ + 11ಖ = 9.

ಎರಡನ್ನೂ ಕೂಡಿಸಿದರೆ 21(ಕ + ಖ) = 21, ಕ + ಖ = 1. ಕಳೆದರೆ ಕ − ಖ = 3. ಕ = 2, ಖ = −1.

ಈ ಮೈನಸ್ ಕಂಡ ತಕ್ಷಣ ಮಕ್ಕಳು ರಬ್ಬರ್ ತೆಗೆದುಕೊಳ್ಳುತ್ತಾರೆ. ಅಳಿಸಬೇಡಿ. ಇಡೀ ಲೆಕ್ಕ ಹೇಳಬೇಕಾದ ಮಾತು ಅದೇ. ಹಳೆಯ ಬ್ಯಾಟರಿ ಏನೂ ಕೊಡುತ್ತಿಲ್ಲ. ಹೊಸದು ಕೊಟ್ಟ 2 ಆಂಪಿಯರಿನಲ್ಲಿ 1 ಆಂಪಿಯರ್ ಅದರೊಳಗೆ ಹೋಗುತ್ತಿದೆ, ಬಲ್ಬಿಗೆ ಸಿಕ್ಕಿದ್ದು 1 ಆಂಪಿಯರ್ ಮಾತ್ರ. ಒಂದೇ ಬ್ಯಾಟರಿ ಇದ್ದಿದ್ದರೆ 12 ÷ 11, ಸುಮಾರು 1.09 ಆಂಪಿಯರ್ ಸಿಗುತ್ತಿತ್ತು. ಹಳೆಯದನ್ನು ಜೋಡಿಸಿ ಬೆಳಕು ಕಡಿಮೆಯೇ ಆಯಿತು.

ಉತ್ತರ ಸರಿಯೇ ಎಂದು ನೋಡಲು ಪುಸ್ತಕದ ಕೊನೆಗೆ ಹೋಗಬೇಕಾಗಿಲ್ಲ, ವಾಟ್ ಲೆಕ್ಕ ಹಾಕಿ. ಹೊಸ ಬ್ಯಾಟರಿ ಕೊಟ್ಟದ್ದು 12 × 2 = 24. ಹೋದದ್ದು: ಹಳೆಯದಕ್ಕೆ ತುಂಬಿದ್ದು 9, ಹೊಸದರ ಒಳಗಿನ ರೋಧಕ್ಕೆ 4, ಹಳೆಯದರ ಒಳಗಿನ ರೋಧಕ್ಕೆ 1, ಬಲ್ಬಿಗೆ 10. ಒಟ್ಟು 24. ಕೊಟ್ಟದ್ದೂ ಹೋದದ್ದೂ ಹೊಂದಿದರೆ ಧೈರ್ಯವಾಗಿ ಮುಂದಿನ ಲೆಕ್ಕಕ್ಕೆ ಹೋಗಬಹುದು.

ಅಭ್ಯಾಸ ಮಾಡುವ ರೀತಿ

ದಿನಕ್ಕೆ ಇಪ್ಪತ್ತು ಲೆಕ್ಕ ಓದಿ ಉತ್ತರ ನೋಡುವುದಕ್ಕಿಂತ ಮೂರನ್ನು ಪೂರ್ತಿ ಬಿಡಿಸುವುದು ಮೇಲು. ತಪ್ಪಾದ ಲೆಕ್ಕದ ಕೆಳಗೆ ಕಾರಣವನ್ನು ಒಂದೇ ಪದದಲ್ಲಿ ಬರೆಯಿರಿ: "ದಿಕ್ಕು", "ತುಂಡು", "ಏಕಮಾನ", "ಯಾವ ಬಿಂದು", "ಕೂಡುವಿಕೆ". ತಿಂಗಳ ಕೊನೆಗೆ ಎಣಿಸಿದರೆ ನಿಮ್ಮ ತಪ್ಪು ಯಾವುದು ಎಂದು ನಿಮಗೇ ಕಾಣುತ್ತದೆ. ಆ ಹುಡುಗಿಯ ಪಟ್ಟಿಯಲ್ಲಿ "ದಿಕ್ಕು" ಹನ್ನೊಂದು ಸಲ ಇತ್ತು, "ಕೂಡುವಿಕೆ" ಒಂದೇ ಸಲ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಬಾಣ ಬರೆಯುವಷ್ಟು ಹೊತ್ತೆಲ್ಲಿದೆ ಎಂದು ಕೇಳುತ್ತಾರೆ. ಬಾಣಕ್ಕೆ ಬೇಕಾದದ್ದು ಐದು ಸೆಕೆಂಡ್. ಅದಿಲ್ಲದೆ ತಪ್ಪು ಮಾಡಿ ಮತ್ತೆ ಮಾಡಲು ಹೋಗುವುದು ಮೂರು ನಿಮಿಷ.

ಎರಡು ಲೆಕ್ಕ ನಿಮಗೆ ಬಿಟ್ಟಿದ್ದೇನೆ. ಆನಂದಪುರ ನಿಲ್ದಾಣದಿಂದ ಹೊರಟ ರೈಲು 40 ಸೆಕೆಂಡ್ ಕಾಲ 0.5 ಮೀ/ಸೆ² ವೇಗೋತ್ಕರ್ಷದಲ್ಲಿ ಓಡಿ, ಆಮೇಲೆ 2 ನಿಮಿಷ ಒಂದೇ ವೇಗದಲ್ಲಿ ಹೋಗಿ, ಕೊನೆಗೆ ಸೆಕೆಂಡಿಗೆ 1 ಮೀ/ಸೆಯಂತೆ ವೇಗ ತಗ್ಗಿಸಿ ನಿಲ್ಲುತ್ತದೆ. ಹೋದ ದೂರ ಎಷ್ಟು, ಸರಾಸರಿ ಜವ ಎಷ್ಟು? ಮೂರು ತುಂಡು, ಮೂರು ಪಟ್ಟಿ. 3 ಕಿಲೋಮೀಟರ್, ಗಂಟೆಗೆ 60 ಕಿಮೀ ಬರಬೇಕು.

ಇನ್ನೊಂದು, ಅದೇ ಎರಡು ಬ್ಯಾಟರಿಗಳಿಗೆ 10 ಓಮ್ ತೆಗೆದು 3 ಓಮ್ ಹಾಕಿ. ಹಳೆಯ ಬ್ಯಾಟರಿಯ ಪ್ರವಾಹ ಸರಿಯಾಗಿ ಸೊನ್ನೆ ಬರಬೇಕು. ಆಮೇಲೆ 1 ಓಮ್ ಹಾಕಿ ನೋಡಿ: ಹೊಸದರಿಂದ 5 ಆಂಪಿಯರ್, ಹಳೆಯದರಿಂದ 2, ಬಲ್ಬಿಗೆ 7. ಆಗ ಹಳೆಯದರ ಪ್ರವಾಹವೂ ನೀವು ಮೊದಲು ಬರೆದ ಬಾಣದ ದಿಕ್ಕಿಗೇ ತಿರುಗಿರುತ್ತದೆ.